ಪಿಡಿಎಫ್ ಸಾಲದು, ಮೂಲ ಕಡತವೂ ಇರಲಿ

ಮುಖ್ಯ ಇಮೇಲ್‌ಗಳನ್ನು ಪಿಡಿಎಫ್ ಮಾಡಿಟ್ಟುಕೊಂಡರೆ ಸಾಕು ಎಂದು ಇಮೇಲ್ ಕಾಪಿಡುವ ಕುರಿತ ಲೇಖನದಲ್ಲಿ ಲೇಖಕರು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ದರ, ತೂಕದ ಮಾತುಕತೆಯೆಲ್ಲ ಇಮೇಲ್‌ನಲ್ಲೇ. ತಕರಾರು ಎದ್ದಾಗ ಪತ್ರ ಯಾವ ಸರ್ವರ್ ದಾಟಿ, ಎಷ್ಟು ಹೊತ್ತಿಗೆ ಬಂತು ಎಂಬುದೇ ಮುಖ್ಯ. ಪಿಡಿಎಫ್‌ನಲ್ಲಿ ಅದು ಉಳಿಯುವುದಿಲ್ಲ, ಇಮೇಲನ್ನು ಮೂಲರೂಪದಲ್ಲೇ ಉಳಿಸುವ ಇಎಂಎಲ್ (.eml) ಕಡತದಲ್ಲಿ ಉಳಿಯುತ್ತದೆ. ಈ ಕಡತ ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಮೇಲ್ಭಾಗದಲ್ಲಿ ಪತ್ರ ದಾಟಿದ ಸರ್ವರ್, ಸಮಯ ಹೇಳುವ ‘ರಿಸೀವ್ಡ್’ ಸಾಲುಗಳು (ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು), ಕೊನೆಯಲ್ಲಿ ಬೇಸ್64 (ಕಡತವನ್ನು ಅಕ್ಷರಗಳಾಗಿ ಬರೆಯುವ ಸಂಕೇತ ವಿಧಾನ) ಅಕ್ಷರಗಳ ರಾಶಿಯಾಗಿ ಲಗತ್ತಿಸಿದ ಬಿಲ್ಲು. ಕನ್ನಡದ ವಿಷಯ ಸಾಲು ಗೋಜಲಾಗಿ ಕಂಡರೆ ಗಾಬರಿ ಬೇಡ, ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ತೆರೆದರೆ ಸರಿಯಾಗಿ ಕಾಣುತ್ತದೆ. ಔಟ್‌ಲುಕ್‌ನ ಎಂಎಸ್‌ಜಿ (.msg) ಕಡತ ಬೈನರಿ, ಅಂದರೆ ಬರೀ ಪಠ್ಯವಲ್ಲದ್ದು, ಆದ್ದರಿಂದ ನೋಟ್‌ಪ್ಯಾಡ್‌ನಲ್ಲಿ ಓದಲಾಗದು. ಜಿಮೇಲ್‌ನವರು ಕಂಪ್ಯೂಟರ್‌ನಲ್ಲಿ ಪತ್ರದ ಪಕ್ಕದ ಮೂರು ಚುಕ್ಕೆ ಒತ್ತಿ ‘ಡೌನ್‌ಲೋಡ್ ಮೆಸೇಜ್’ ಆರಿಸಿದರೆ ಇಎಂಎಲ್ ಸಿಗುತ್ತದೆ.