ಚಾರ್ಮಾಡಿಗೆ ಹೆದರೋರು ಹಾಲಿನ ಬೂತಿಗೆ ಹೆದರಲ್ಲ

ಮಳೆಗಾಲದಲ್ಲಿ ಬೈಕಲ್ಲಿ ಚಾರ್ಮಾಡಿ ಇಳೀತೀನಿ ಅಂದ್ರೆ ಸಾಕು, ಇಡೀ ಬೀದಿಗೆ ನನ್ನ ಜೀವದ ಮೇಲೆ ಕಾಳಜಿ ಉಕ್ಕುತ್ತೆ. ‘ಹೆಂಡ್ತಿ ಮಕ್ಕಳಿರೋನು, ಇದೆಲ್ಲ ಬೇಕೇನಪ್ಪಾ ನಿಂಗೆ?’ ಅಂತ ಕೇಳೋ ಪಕ್ಕದ್ಮನೆ ಆಂಟಿ, ಸಂಜೆ ಮಗನ ಸ್ಕೂಟರ್ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ಒಂದು ಕೈಲಿ ತರಕಾರಿ ಚೀಲ, ಇನ್ನೊಂದರಲ್ಲಿ ಫೋನು ಹಿಡ್ಕೊಂಡು ಸಂತೆಯಿಂದ ಬರ್ತಾರೆ. ಮಗನ ಹೆಲ್ಮೆಟ್ ಕನ್ನಡಿಗೆ ನೇತಾಡ್ತಿರುತ್ತೆ. ಕೇಳಿದ್ರೆ, ‘ಇಲ್ಲೇ ಹೋಗಿ ಬಂದ್ವಿ ಕಣಪ್ಪ!’

ಘಾಟಿಯಲ್ಲಿ ಅಪಾಯ ಇಲ್ಲ ಅಂತ ನಾನು ವಾದ ಮಾಡಲ್ಲ. ಕೊಟ್ಟಿಗೆಹಾರ ದಾಟಿದ್ಮೇಲೆ ಮಂಜು ಕವಿದ್ರೆ ಎದುರಿನ ಬಸ್ಸು ಮೈಮೇಲೆ ಬರೋ ತನಕ ಕಾಣಲ್ಲ. ಆದ್ರೆ ಆ ಅಪಾಯಕ್ಕೆ ಬದಲಾಗಿ ನನಗೆ ಆ ಮಂಜು ಸಿಗುತ್ತೆ, ಮೇಲೆ ನಿಂತು ತಿನ್ನೋ ನೀರುದೋಸೆ ಸಿಗುತ್ತೆ. ಗೊತ್ತಿದ್ದೇ ಹೋಗ್ತೀನಿ, ಹಾಗಾಗಿ ಟೈರು, ಬ್ರೇಕು ನೋಡ್ಕೊಂಡೇ ಹೊರಡ್ತೀನಿ. ಹೆಲ್ಮೆಟ್ ಪಟ್ಟಿ ಹಾಕದೆ ಹಾಲು ತರೋಕೆ ಹೋದ್ರೆ ಏನು ಸಿಗುತ್ತೆ ಹೇಳಿ? ಮೂರು ಸೆಕೆಂಡ್ ಉಳಿಯುತ್ತೆ, ಅಷ್ಟೇ. ನನ್ನ ತಕರಾರು ಇರೋದು ಈ ಬಿಟ್ಟಿ ಅಪಾಯದ ಮೇಲೆ.

ಕೇಂದ್ರ ಸಾರಿಗೆ ಇಲಾಖೆಯ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹೆಲ್ಮೆಟ್ ಹಾಕದ 50,029 ಜನ ಇದ್ರು. ಆ ಪೈಕಿ 14,337 ಮಂದಿ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಿಂದಲೇ ಹೆಲ್ಮೆಟ್ ಕಡ್ಡಾಯ. ನಾವು ಮಾತ್ರ ಪೊಲೀಸ್ ನಿಲ್ಲೋ ಸರ್ಕಲ್ ಬಂದಾಗ ಹಾಕ್ಕೊಂಡು, ದಾಟಿದ್ಮೇಲೆ ತೆಗಿತೀವಿ. ಹಾಕಿದ ಹೆಲ್ಮೆಟ್ಟಾದ್ರೂ ಸರಿ ಇದೆಯಾ? ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೈ ಹಾಕಿ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂತು ಅಂದ್ರೆ ಸೈಜ್ ಸರಿಯಿಲ್ಲ. ಪಟ್ಟಿನೇ ಹಾಕದಿದ್ರೆ, ಬಿದ್ದಾಗ ತಲೆ ನೆಲಕ್ಕೆ ತಾಗೋ ಮೊದಲೇ ಅದು ಹಾರಿಹೋಗಿರುತ್ತೆ.

ಇನ್ನೊಂದು ನಮ್ಮೂರಿನ ಜ್ಞಾನ: ‘ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ.’ ಬೈಕ್ ಕಲಿಸೋ ಮಾವಂದಿರೆಲ್ಲ ಇದನ್ನ ಹೇಳೇ ಹೇಳ್ತಾರೆ. ಬ್ರೇಕ್ ಹಾಕಿದ ತಕ್ಷಣ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತೆ, ಹಿಂದಿನದು ಹಗುರಾಗುತ್ತೆ. ಅಂದ್ಮೇಲೆ ಗಾಡಿ ನಿಲ್ಲಿಸೋ ಬಲ ಹೆಚ್ಚು ಇರೋದು ಮುಂದಿನ ಬ್ರೇಕಿನಲ್ಲೇ. ಹಿಂದಿನದನ್ನ ಮಾತ್ರ ತುಳಿದ್ರೆ ಚಕ್ರ ಜಾಮಾಗಿ ಜಾರುತ್ತೆ. ಮುಂದಿನದನ್ನ ಗಬಕ್ಕನೆ ಹಿಡಿಯೋದು, ಅದೂ ಮರಳಿರೋ ತಿರುವಲ್ಲಿ ಹಿಡಿಯೋದು ತಪ್ಪು. ನೆಟ್ಟಗೆ ಹೋಗ್ತಾ ಹದವಾಗಿ ಒತ್ತುತ್ತಾ ಬರಬೇಕು. ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ರೆ, ಅಡ್ಡ ಬಂದ ನಾಯಿ ಕಂಡು ಕೈ ಬ್ರೇಕಿಗೆ ಹೋಗೋ ಒಂದೇ ಸೆಕೆಂಡಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರ್ತೀರಿ. ಮಾವನ ಮಾತು ನೆನೆಸ್ಕೊಳ್ಳೋಕೆ ಆಗ ಪುರುಸೊತ್ತಿರಲ್ಲ.

ಸ್ವೀಡನ್‌ನವರು 1967ರ ಸೆಪ್ಟೆಂಬರ್ 3ರಂದು ಎಡಗಡೆ ಓಡಿಸೋದು ಬಿಟ್ಟು ಬಲಗಡೆಗೆ ಬದಲಾದ್ರು. ದೇಶವೇ ಹೆದರಿತ್ತು, ಆದ್ರೆ ಅಪಘಾತ ಕಮ್ಮಿ ಆಯ್ತು. ಎಲ್ಲರೂ ಎಚ್ಚರದಿಂದ ಓಡಿಸಿದ್ರಲ್ಲ! ರೂಢಿಯಾಗ್ತಾ ಆಗ್ತಾ, ಒಂದೆರಡು ವರ್ಷದಲ್ಲಿ ಲೆಕ್ಕ ಮತ್ತೆ ಹಳೇ ಮಟ್ಟಕ್ಕೇ ಬಂತು. ನಮ್ಮ ಹಾಲಿನ ಬೂತಿನ ದಾರಿ ಅಂದ್ರೆ ಪೂರ್ತಿ ರೂಢಿಯಾದ ದಾರಿ.

ಗಾಡಿ ಬಿಟ್ಟು ಇಳಿದ ಮೇಲೂ ಇದೇ ಕಥೆ. ವಿಮಾನ ಹತ್ತೋಕೆ ದೇವರಿಗೆ ಹರಕೆ ಹೊರೋರು, ಅಡುಗೆಮನೆ ಗ್ಯಾಸ್ ಪೈಪ್ ಬದಲಾಯಿಸಿ ಎಷ್ಟು ವರ್ಷ ಆಯ್ತು ಅಂದ್ರೆ ಮುಖ ನೋಡ್ತಾರೆ. ಶೇರ್ ಮಾರ್ಕೆಟ್ ಅಂದ್ರೆ ಜೂಜು ಅನ್ನೋ ನಮ್ಮ ಭಾವ, ಸ್ನೇಹಿತನ ಸಾಲಕ್ಕೆ ಟೀ ಕುಡೀತಾ ಜಾಮೀನು ಸಹಿ ಹಾಕಿ ಬರ್ತಾರೆ. ಶೇರಲ್ಲಿ ಹಾಕಿದ ದುಡ್ಡಷ್ಟೇ ಹೋಗಬಹುದು, ಬಂದ್ರೆ ಲಾಭನೂ ಉಂಟು. ಜಾಮೀನಲ್ಲಿ ಬರೋದು ಸೊನ್ನೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಲ್ಲಿ ಬೇರೆ ಥರ ಬರೆದಿಲ್ಲದಿದ್ರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ನನ್ನನ್ನ ಯಾರಾದ್ರೂ ಕೇಳಿದ್ರೆ, ಆ ದುಡ್ಡನ್ನ ನಾನೇ ಕೊಟ್ಟು ಮರೆತುಬಿಡೋ ಹಾಗಿದ್ರೆ ಮಾತ್ರ ಪೆನ್ನು ತೆಗೀತೀನಿ. ಭಾವನ ಪ್ರಕಾರ ನಾನು ಪುಕ್ಕಲ. ಇರಲಿ ಬಿಡಿ.