ದೊಡ್ಡಪ್ಪನ ಲೆಕ್ಕ, ಮೇಲಿನಮನೆ ಸಿದ್ದೆ

ಶಿರಸಿ ಹತ್ತಿರದ ನಮ್ಮೂರಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ದೊಡ್ಡಪ್ಪನ ಅಡಿಕೆ ಕೊಯ್ಲಿನ ಲೆಕ್ಕಕ್ಕೆ ನಾನು ಮಾಡಿಕೊಟ್ಟ ಪುಟ್ಟ ವೆಬ್ ಆ್ಯಪ್ ಎಲ್ಲವನ್ನೂ ಫೋನಿನ ಬ್ರೌಸರ್ ಒಳಗೇ ಇಟ್ಟುಕೊಳ್ಳುತ್ತಿತ್ತು. ಎಷ್ಟು ಅಡಿಕೆ ಕೊನೆ ಇಳಿಯಿತು, ಮರ ಹತ್ತಿ ಅದನ್ನು ಇಳಿಸುವ ಕೊನೆಗೌಡನಿಗೆ ಎಷ್ಟು ಕೊಟ್ಟಾಯಿತು, ಎಲ್ಲ. ಕೊಯ್ಲು ಮುಗಿದ ಮೇಲೆ ಎರಡು ತಿಂಗಳು ಅವರು ಅದನ್ನು ತೆರೆಯಲೇ ಇಲ್ಲ. ಅಷ್ಟರಲ್ಲಿ ಫೋನ್ ತುಂಬಾ ಮದುವೆ ವಿಡಿಯೋ.

"ತಮಾ, ಯನ್ನ ಲೆಕ್ಕ ಎಲ್ಲಿ ಹೋತೋ?"

ಜಾಗ ಸಾಲದಾದಾಗ ಬ್ರೌಸರ್ ಬಹಳ ದಿನದಿಂದ ತೆರೆಯದ ತಾಣ ಯಾವುದು ಎಂದು ನೋಡಿ, ಅದು ಇಟ್ಟದ್ದನ್ನೆಲ್ಲ ಬುಡಸಮೇತ ಅಳಿಸುತ್ತದೆ. ಹೇಳೋದೂ ಇಲ್ಲ, ಕೇಳೋದೂ ಇಲ್ಲ. ಅಳಿಸಬೇಡ ಎಂದು ಕೋಡ್‌ನಲ್ಲಿ ಮೊದಲೇ ಕೇಳಿಕೊಳ್ಳಬಹುದಿತ್ತು. ನಾನು ಕೇಳಿರಲಿಲ್ಲ. ಬೈಸಿಕೊಂಡೆ.

ಆದರೆ ನನ್ನ ಸಿಟ್ಟು ಇನ್ನೂ ಹಳೆಯದು. ಬ್ರೌಸರ್ ಒಳಗೇ ಲೆಕ್ಕ ಇಟ್ಟು, ಬೇಕಾದ್ದನ್ನು ಕೇಳಿ ಪಡೆಯಲು ಮೊದಲು ವೆಬ್ ಎಸ್‌ಕ್ಯೂಎಲ್ ಅಂತ ಒಂದಿತ್ತು. ಸಫಾರಿ, ಕ್ರೋಮ್, ಒಪೆರಾ ಮೂರರಲ್ಲೂ ಬಂದಿತ್ತು. ಕೂಲಿಯ ಮೊತ್ತ ಬೇಕೆಂದರೆ ಒಂದು ಸಾಲು ಬರೆದರೆ ಸಾಕು. 2010ರ ನವೆಂಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದನ್ನು ಕೈಬಿಟ್ಟಿತು. ಕಾರಣ ಕೇಳಿ: ಎಲ್ಲರೂ ಒಳಗೆ ಬಳಸಿದ್ದು ಎಸ್‌ಕ್ಯೂಲೈಟ್ ಎಂಬ ಒಂದೇ ಡೇಟಾಬೇಸ್ ತಂತ್ರಾಂಶವನ್ನು. ಮಾನದಂಡ ಆಗಬೇಕಾದರೆ ಬೇರೆ ಬೇರೆಯವರು ಸ್ವಂತವಾಗಿ ಕಟ್ಟಿ ತೋರಿಸಬೇಕು. ಇಲ್ಲಿ ನಿಯಮದ ಕರಡಿನಲ್ಲೇ 'ಎಸ್‌ಕ್ಯೂಲೈಟ್ 3.6.19 ಒಪ್ಪುವ ಭಾಷೆ' ಅಂತ ಬರೆದುಬಿಟ್ಟಿದ್ದರು. ಅಕ್ಕಿ ಅಳೆಯುವ ಒಂದು ಸಿದ್ದೆ ಅಂದರೆ ಎಷ್ಟು ಎಂದು ಕೇಳಿದರೆ, ಮೇಲಿನಮನೆ ಸಿದ್ದೆಯಲ್ಲಿ ಹಿಡಿಯುವಷ್ಟು ಅಂದ ಹಾಗೆ. ಆ ಸಿದ್ದೆ ನೆಗ್ಗಿದರೆ ಊರಿಗೆ ಊರೇ ಅಕ್ಕಿ ಕಮ್ಮಿ ಅಳೆಯಬೇಕು. ಬೇಡ ಅಂದವರ ಮಾತು ಸರಿಯೇ ಇತ್ತು, ಒಪ್ಪುತ್ತೇನೆ.

ಅದರ ಬದಲು ಬಂದದ್ದು ಇಂಡೆಕ್ಸ್‌ಡ್‌ಡಿಬಿ. ಪೂರ್ತಿ ಮಾನದಂಡ ಆಗುವಾಗ 2015 ಬಂದಿತ್ತು. ಇದರಲ್ಲಿ ಕೂಲಿ ಕೂಡಿಸಲು ಒಂದೊಂದೇ ದಾಖಲೆ ತೆಗೆದು, ನಾವೇ ಕೂಡಿಸುತ್ತ ಹೋಗಬೇಕು. ಬೇಲಿ ಹಾರಿ ಬಾವಿಗೆ ಬಿದ್ದ ಹಾಗಾಯಿತು ನಮ್ಮಂಥವರ ಕಥೆ. ತಮಾಷೆ ಅಂದರೆ, ವೆಬ್ ಎಸ್‌ಕ್ಯೂಎಲ್ ಬೇಡವೆಂದು ಹಟ ಹಿಡಿದ ಫೈರ್‌ಫಾಕ್ಸ್ ಇಂಡೆಕ್ಸ್‌ಡ್‌ಡಿಬಿಯನ್ನು ಕಟ್ಟಿದ್ದು ಅದೇ ಎಸ್‌ಕ್ಯೂಲೈಟ್ ಮೇಲೆ! 2023ರಲ್ಲಿ ಕ್ರೋಮ್ 119 ಆ ಹಳೆಯ ವೆಬ್ ಎಸ್‌ಕ್ಯೂಎಲನ್ನು ತೆಗೆದುಹಾಕಿತು. ಈಗ ಎಸ್‌ಕ್ಯೂಲೈಟನ್ನೇ ಬ್ರೌಸರ್ ನೇರ ಓಡಿಸಬಲ್ಲ ವೆಬ್‌ಅಸೆಂಬ್ಲಿ ರೂಪಕ್ಕೆ ಇಳಿಸಿ, ತಾಣದ ಜೊತೆ ನಾವೇ ಹೊತ್ತು ತರುತ್ತಿದ್ದೇವೆ. ನೀತಿ ಸರಿ ಇತ್ತು, ಹೊರೆ ಮಾತ್ರ ನಮ್ಮ ತಲೆಗೆ ಬಂತು ಅಲ್ವಾ?

ಈ ವರ್ಷ 'ಅಳಿಸಬೇಡ' ಎಂಬ ಕೋರಿಕೆ ಸೇರಿಸಿದೆ. ಅದಕ್ಕೂ ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಕ್ರೋಮ್ ಯಾರನ್ನೂ ಕೇಳದೆ, ನೀವು ಆ ತಾಣವನ್ನು ಎಷ್ಟು ಬಳಸುತ್ತೀರಿ ಅಂತೆಲ್ಲ ನೋಡಿ ತಾನೇ ತೀರ್ಮಾನಿಸುತ್ತದೆ. ಫೈರ್‌ಫಾಕ್ಸ್ ಎದುರಿಗಿರುವವರನ್ನೇ ಕೇಳುತ್ತದೆ. ಅದೇ ವಾಸಿ ಎಂದು ದೊಡ್ಡಪ್ಪನ ಫೋನಿಗೆ ಫೈರ್‌ಫಾಕ್ಸ್ ಹಾಕಿಕೊಟ್ಟೆ. ಪ್ರಶ್ನೆ ಬಂತು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು, ನಾನು ಬಾಯಿ ತೆರೆಯುವ ಮೊದಲೇ 'ಬೇಡ' ಒತ್ತಿದರು. ಫೋನ್ ಏನು ಕೇಳಿದರೂ ಬೇಡ ಎನ್ನಬೇಕಂತೆ. ಮೊಮ್ಮಗ ಹೇಳಿಕೊಟ್ಟಿದ್ದಾನೆ.