ತಿಥಿಯಡಿಗೆಗೆ ಬಾರದ ಮೆಣಸಿನಕಾಯಿ

ಕೊಲಂಬಸ್ ಹಡಗು ಹತ್ತದೇ ಹೋಗಿದ್ದರೆ ನಮ್ಮ ಎಲೆಯ ಮೇಲೆ ಏನೇನು ಇರುತ್ತಿರಲಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಂಪ್ರದಾಯ ಬಿಡದ ಮನೆಯ ತಿಥಿಯೂಟಕ್ಕೆ ಕೂತರೆ ಸಾಕು. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಮೆಣಸಿನಕಾಯಿ ಸುತರಾಂ ಇಲ್ಲ. ಹೆಸರುಬೇಳೆ, ಬಾಳೆಕಾಯಿ, ಹಾಗಲಕಾಯಿ, ಖಾರಕ್ಕೆ ಕಾಳುಮೆಣಸು. ಪಿತೃಗಳ ನಾಲಿಗೆ 1492ಕ್ಕೆ ಮುಂಚಿನದು. (ಕೆಲವು ಮನೆಗಳಲ್ಲಿ ಸಿಹಿಗೆಣಸು ಮಾತ್ರ ಮಡಿಯುಟ್ಟು ಒಳಗೆ ಬಂದುಬಿಟ್ಟಿದೆ. ಅದರ ತವರೂ ಅಮೆರಿಕವೇ ಎಂದು ಯಾರೂ ಪುರೋಹಿತರ ಕಿವಿಗೆ ಹಾಕಿಲ್ಲ.)

ತಿಥಿಯೂಟದ ಆ ಕಾಳುಮೆಣಸಿನ ಸಾರಿಗೂ ಒಂದು ಹದವಿದೆ. ನಾಲ್ಕು ಜನಕ್ಕೆ ಒಂದು ಟೀ ಚಮಚ ಮೆಣಸು, ಅಷ್ಟೇ ಜೀರಿಗೆ, ಆಗಲೇ ತರಿತರಿಯಾಗಿ ಕುಟ್ಟಿ, ಇಳಿಸುವ ಮುನ್ನ ಹಾಕಿ ಒಂದೇ ಕುದಿ. ಹೆಚ್ಚು ಕುದಿಸಿದರೆ ಘಮ ಆವಿಯಾಗಿ ಹೋಗಿ, ಗಂಟಲು ಹಿಡಿಯುವ ಖಾರವಷ್ಟೇ ಉಳಿಯುತ್ತದೆ. ಬಣ್ಣವೆಂದರೆ ಅರಿಸಿನದ್ದೇ. ಉಳಿದ ದಿನ ಕೆಂಪು ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕು: ಮೈತುಂಬ ಸುಕ್ಕು, ಖಾರ ಕಮ್ಮಿ, ಬಣ್ಣ ಧಾರಾಳ. ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿಯಬೇಕು, ಕಪ್ಪಗಾಯಿತೋ ಕಹಿ. ಖಾರ ಇನ್ನೂ ತಗ್ಗಲೆಂದು ಬೀಜ ಉದುರಿಸುವವರಿದ್ದಾರೆ. ಖಾರದ ಗಣಿ ಬೀಜವಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳು. ಕಾಯಿ ಸೀಳಿ ಅದನ್ನು ಕೀಳಬೇಕು. ಆಮೇಲೂ ಬಾಯಿ ಉರಿದರೆ ನೀರಿಗೆ ಓಡಬಾರದು. ಆ ಖಾರ ನೀರಿನಲ್ಲಿ ಕರಗುವಂಥದ್ದಲ್ಲ, ಮೊಸರೇ ಗತಿ.

ತಮಾಷೆಯೆಂದರೆ, ಕೊಲಂಬಸ್ ಹುಡುಕಹೊರಟ ಸರಕಿನಲ್ಲಿ ಕಾಳುಮೆಣಸೂ ಇತ್ತು. ಸಿಕ್ಕಿದ್ದು ಈ ಕಾಯಿ. ಇದೇ ಇಲ್ಲಿಯವರ ಮೆಣಸು, ಮೆಣಸಿಗಿಂತ ಮೇಲು ಎಂದು 1493ರ ಜನವರಿಯ ದಿನಚರಿಯಲ್ಲಿ ಬರೆದುಕೊಂಡ. ಮುಂದೆ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನ ತವರಿಗೇ ಬಂದಿಳಿದ ಈ ನೆಂಟ, ಮನೆಯವರ ಹೆಸರನ್ನೇ ಕಿತ್ತುಕೊಂಡಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದದ್ದು ಕಾಳುಮೆಣಸಿನ ಲೆಕ್ಕದಲ್ಲಿ. ಈಗ ಕರಾವಳಿಯಲ್ಲಿ ಬರೀ ‘ಮೆಣಸು’ ಎಂದರೆ ಕಾಯಿ. ಹಳೆಯ ಯಜಮಾನನಿಗೆ ‘ಒಳ್ಳೆ ಮೆಣಸು’ ಎಂಬ ಸಮಾಧಾನದ ಬಿರುದು.

ಕೊಲಂಬಸ್ ಅರ್ಧ ದಾರಿಯಲ್ಲೇ ಹಿಂತಿರುಗಿದ್ದರೆ? ಆಗಲೂ ಮೆಣಸಿನಕಾಯಿ ತಪ್ಪುತ್ತಿರಲಿಲ್ಲವೇನೋ. ಆಫ್ರಿಕಾ ಬಳಸಿ ಇತ್ತ ಬರುವ ಹಡಗುಗಳು ಗಾಳಿ ಹಿಡಿಯಲು ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕುತ್ತಿದ್ದವು. ಹಾಗೆ ಸುತ್ತು ಹೊಡೆದ ಪೋರ್ಚುಗೀಸ್ ನಾವಿಕ ಕಬ್ರಾಲ್‌ಗೆ 1500ರ ಏಪ್ರಿಲ್ 22ರಂದು ಬ್ರೆಜಿಲ್ ಕಂಡಿತು; ಸೆಪ್ಟೆಂಬರಿನಲ್ಲಿ ಅವನು ಕಲ್ಲಿಕೋಟೆಯಲ್ಲಿದ್ದ. ಹೆಚ್ಚೆಂದರೆ ಏಳೆಂಟು ವರ್ಷ ತಡ. ಅಷ್ಟು ದಿನ ಉಪ್ಪಿನಕಾಯಿಗೆ ಒಳ್ಳೆ ಮೆಣಸನ್ನೇ ಹಾಕಿಕೊಂಡಿದ್ದರಾಗುತ್ತಿತ್ತು.